ಆಚಿಕಡಿ ಅವ್ವನ ಮಣ್ಣು

ಅವಳ ಎರಡೂ ಕಿವಿಯ ಹಾಲೆಗಳು ಹರಿದಿದ್ದವು. ಓಲೆಯ ಭಾರಕ್ಕೆ ತೂತು ಸವೆದು ಹರಿದದ್ದಲ್ಲ. ಯಾರೋ ಜಗ್ಗಿ ಕಿತ್ತಂತೆ ಹರಿದು, ಎರಡೆರಡು ಎಳೆಯಾಗಿ, ಹಾಗೆಯೇ ಮಾಯ್ದು ಒಣಗಿದ್ದವು. ತಲೆಯ ಮೇಲಿನ ಸೆರಗು ಜಾರಿದಾಗಲೆಲ್ಲ ಅವು ಕಾಣುತ್ತಿದ್ದವು. ನಾನು ಮೆಣಸಗಿಯಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಹಿತ್ತಲಿಗೆ ಹೋದವಳು ಅವಳನ್ನು ಕಂಡು, ಆ ಕಿವಿಗಳಿಂದ ಕಣ್ಣು ಕೀಳಲಾರದೆ ನಿಂತುಬಿಟ್ಟೆ. ಅವಳು ರಾಟಿ ತಿರುಗಿಸುವುದನ್ನು ನಿಲ್ಲಿಸದೆ, "ನೋಡ ತಂಗಿ, ಚಂದಂಗ ನೋಡಿಬಿಡ. ಒಮ್ಮೆ ನೋಡಿದ್ರ ಆಮ್ಯಾಲೆ ಮಾರಿ ನೋಡಾಕ ಬರತೈತಿ" ಅಂದಳು.

ಓಣಿಯವರು ಅವಳನ್ನು ಆಚಿಕಡಿಯಾಕಿ ಅನ್ನುತ್ತಿದ್ದರು. ನಮ್ಮೂರಿನಿಂದ ಮೂಡಲಿಗೆ ಸ್ವಲ್ಪ ನಡೆದರೆ ಆಗ ನಿಜಾಮನ ಸೀಮೆ. ಸ್ವಾತಂತ್ರ್ಯ ಬಂದ ಮರುವರ್ಷ ಆ ಸೀಮೆಯಲ್ಲಿ ಗದ್ದಲವೆದ್ದು, ಜನ ಹಿಂಡುಹಿಂಡಾಗಿ ಗಡಿ ದಾಟಿ ಬಂದು ನಮ್ಮ ಗುಡ್ಡದ ಬುಡದಲ್ಲಿ ಗೋಣಿತಟ್ಟಿನ ಗುಡಾರ ಹಾಕಿಕೊಂಡು ಕೂತಿದ್ದರಂತೆ. ಗದ್ದಲ ಅಡಗಿದ ಮೇಲೆ ಎಲ್ಲರೂ ಗಂಟು ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಮರಳಿದರು. ಅವಳೊಬ್ಬಳು ಮರಳಲಿಲ್ಲ. ನಮ್ಮದು ನೇಕಾರರ ಮನೆ. ನೂಲನ್ನು ಕಂಡಿಕೆಗೆ ಸುತ್ತಿಕೊಡುವ ಕೈ ಎಷ್ಟಿದ್ದರೂ ಸಾಲದು. ಅತ್ತೆ ಅವಳನ್ನು ಕರೆತಂದು, ಹಿತ್ತಲಿನಲ್ಲಿ ಕಟ್ಟಿಗೆ ಒಟ್ಟುತ್ತಿದ್ದ ತಗಡಿನ ಮರೆಯಲ್ಲಿ ಇರಲು ಜಾಗ ಕೊಟ್ಟಿದ್ದರು. ಹೊತ್ತಿಗೆ ರೊಟ್ಟಿ ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿತ್ತು. ಅವಳು ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಯಾಕೆಂದರೆ ಅವಳ ಕುಲ ಯಾರಿಗೂ ಗೊತ್ತಿರಲಿಲ್ಲ.

ಕೇಳದವರಿರಲಿಲ್ಲ. ಬಾವಿಕಟ್ಟೆಯ ಮೇಲೆ ದಿನಾ ಯಾರಾದರೊಬ್ಬರು ಎತ್ತುತ್ತಿದ್ದರು. ಕುಲ ಗೊತ್ತಿಲ್ಲದವಳು ಬಾವಿಗೆ ಕೊಡ ಬಿಡುವಂತಿಲ್ಲವಾದ್ದರಿಂದ ಅವಳು ಕಟ್ಟೆಯ ಕೆಳಗೆ ಕೊಡ ಇಟ್ಟು ಕಾಯಬೇಕು, ಮೇಲಿದ್ದವರು ಎತ್ತರದಿಂದ ನೀರು ಹೊಯ್ಯಬೇಕು.

"ಕುಲಾ ಹೇಳಿಬಿಡಬೇ, ನಿನ್ನ ಗಂಟೇನ ಹೋಗತೈತಿ? ಚಲೋ ಕುಲಾ ಇದ್ರ ಮ್ಯಾಲೆ ಬಂದು ನೀನ ಸೇದ್ಕೊ."

"ಚಲೋದ ಇರಲಿಕ್ಕಂದ್ರ?"

"ಹಂಗಾದ್ರ ಆ ಕಡೆ ಬ್ಯಾರೆ ಬಾವಿ ಐತೆಲ್ಲ, ಅಲ್ಲಿಗೆ ಹೋಗ."

"ಹಂಗಾದ್ರ ಇಲ್ಲೆ ನಿಂದರತೀನಿ ಬಿಡ್ರಿ" ಅನ್ನುವಳು. ಸಿಟ್ಟಿರುತ್ತಿರಲಿಲ್ಲ. ನೀರು ಹೊಯ್ದವರಿಗೆ ಕೈಮುಗಿದು ಕೊಡ ಎತ್ತಿಕೊಂಡು ಬರುತ್ತಿದ್ದಳು.

ಸೋಮವಾರ ಗುಡ್ಡದ ಗುಡಿಗೆ ಹೋಗುವಳು. ಮೆಟ್ಟಿಲ ಬುಡದಲ್ಲಿ, ಜನ ಚಪ್ಪಲಿ ಬಿಡುವಲ್ಲಿ ನಿಂತು ಕೈಮುಗಿದು ಹಿಂದಿರುಗುವಳು. "ಮ್ಯಾಲೆ ಹೋದ್ರ ಪೂಜಾರಿ ಕುಲಾ ಕೇಳತಾನ. ಇಲ್ಲೆ ನಿಂತ್ರ ಯಾರೂ ಏನೂ ಕೇಳೂದಿಲ್ಲ. ದೇವ್ರಿಗೆ ಇಷ್ಟ ದೂರಂತೂ ಕಣ್ಣ ಕಾಣತಿರಬೇಕ ತಂಗಿ" ಅಂದಿದ್ದಳು ಒಮ್ಮೆ.

ಅವಳು ನನಗೆ ಅವ್ವ ಆದದ್ದು ನನ್ನ ಮೊದಲ ಹೆರಿಗೆಯಲ್ಲಿ.

ಕೂಸು ಉಸಿರಿಲ್ಲದೆ ಹುಟ್ಟಿತು. ಮಧ್ಯಾಹ್ನದ ಹೊತ್ತು. ಮಗ್ಗದ ಸಪ್ಪಳ ನಿಂತುಹೋಗಿತ್ತು. ಸೂಲಗಿತ್ತಿ ಅದನ್ನು ಹಳೆ ಅರಿವೆಯಲ್ಲಿ ಸುತ್ತಿ ಮೂಲೆಯ ಬುಟ್ಟಿಯಲ್ಲಿ ಇಟ್ಟಿದ್ದಳು. ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ನೋಡಬೇಕೆಂದೆ. "ಹಡದಾಕಿ ನೋಡಬಾರದವಾ, ಮುಂದಿನ ಬಸುರ ನಿಲ್ಲೂದಿಲ್ಲ" ಎಂದು ಸೂಲಗಿತ್ತಿ ಬುಟ್ಟಿಯನ್ನು ಇನ್ನಷ್ಟು ದೂರ ಸರಿಸಿದಳು. ಗಂಡಸರು ಯಾರಾದರೂ ಬಂದು ಒಯ್ಯಲಿ ಎಂದು ಕಾಯುತ್ತಿದ್ದರು.

ಆಗ ಹಿತ್ತಲ ಬಾಗಿಲಲ್ಲಿ ಅವಳು ಕಂಡಳು. ಒಂದು ಗಳಿಗೆ ಹೊಸ್ತಿಲಾಚೆ ನಿಂತಳು. ಆಮೇಲೆ ದಾಟಿ ಒಳಗೆ ಬಂದಳು. ಅತ್ತೆ ತಲೆಯೆತ್ತಿ ನೋಡಿದರು. ಏನಾದರೂ ಅಂದಾರು ಎಂದುಕೊಂಡೆ. ಅನ್ನಲಿಲ್ಲ.

"ಬಿಸಿನೀರ ಎಲ್ಲಿ ಅದಾವ್ರಿ?" ಎಂದು ಅವಳು ಸೂಲಗಿತ್ತಿಯನ್ನು ಕೇಳಿದಳು.

"ಸತ್ತ ಕೂಸಿಗೆ ನೀರು ಎದಕ್ಕ?"

"ಮನಿಗೆ ಬಂದಾಕಿ ಅಲ್ರಿ? ಬಂದ ಕೂಡ್ಲೆ ಹೊಂಟಾಳ ಖರೇ. ಆದ್ರೂ ಬಂದಾಕಿಗೆ ನೀರ ಕೊಡಲಾರದ ಕಳಸ್ತಾರೇನ್ರಿ?"

ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ನೀರಿನ ಹದವನ್ನು ಮೊಣಕೈಯಲ್ಲಿ ನೋಡಿಕೊಂಡು ಎರೆದಳು. ನಾನು ಮಲಗಿದಲ್ಲಿಂದಲೇ ಕಾಣುತ್ತಿತ್ತು. ಕುತ್ತಿಗೆಯ ಕೆಳಗೆ ಕೈ ಕೊಟ್ಟಿದ್ದಳು, ಜೀವವಿರುವ ಕೂಸಿನ ಕುತ್ತಿಗೆ ಉಳುಕಬಾರದೆಂದು ಹಿಡಿಯುತ್ತಾರಲ್ಲ, ಹಾಗೆ. ನೆತ್ತಿಗೆ ಎಣ್ಣೆ ಒತ್ತಿದಳು. ಮೆತ್ತನ್ನ ಅರಿವೆಯಲ್ಲಿ ಸುತ್ತಿ ತಂದು ನನ್ನ ತೋಳಿನ ಮೇಲೆ ಇಟ್ಟಳು.

"ನೋಡವಾ. ನಿನ್ನ ಮಗಳು. ಮಾರಿ ನೋಡಲಾರದ ಕಳಿಸಿದ್ರ ಜಲ್ಮೆಲ್ಲಾ ಯಾರದೋ ಕೂಸಿನ ಮಾರ್ಯಾಗ ಹುಡುಕಬೇಕಾಗತೈತಿ."

ನೋಡಿದೆ. ಮೂಗು ನಮ್ಮ ಅತ್ತೆಯ ಮೂಗಿನಂತಿತ್ತು.

"ಹೆಸರ ಏನ ಇಡತಿ?" ಎಂದು ಕೇಳಿದಳು. ಹೇಗೋ ಹೇಳಿದೆ. ಅವಳು ಬಾಗಿ ಕೂಸಿನ ಕಿವಿಯಲ್ಲಿ ಆ ಹೆಸರನ್ನು ಕರೆದಳು. ಅದನ್ನು ಇಲ್ಲಿ ಬರೆಯಲಾರೆ. ಆ ಹೆಸರಿನಿಂದ ನನ್ನ ಮಗಳನ್ನು ಕರೆದವರು ಜಗತ್ತಿನಲ್ಲಿ ಒಬ್ಬರೇ.

ಅಂದಿನಿಂದ ಓಣಿಯಲ್ಲಿ ಹೆಂಗಸರು ತೀರಿಕೊಂಡರೆ ಅವಳಿಗೆ ಕರೆ ಬರತೊಡಗಿತು. ಹೆಣಕ್ಕೆ ನೀರು ಹಾಕಲು ಸೊಸೆಯಂದಿರು ಅಂಜುತ್ತಿದ್ದರು, ಮಗಳಂದಿರು ಅಳುತ್ತ ಬಿದ್ದಿರುತ್ತಿದ್ದರು. ಬದುಕಿದ್ದವರ ಕೊಡ ಮುಟ್ಟಬಾರದವಳು ಸತ್ತವರ ಮೈ ಮುಟ್ಟಬಹುದಾಗಿತ್ತು. ಕೆಲಸ ಮುಗಿಸಿ, ಯಾರ ಮನೆಯಲ್ಲೂ ಏನೂ ತಗೊಳ್ಳದೆ, ಹಿತ್ತಲ ದಾರಿಯಿಂದ ಹೊರಟುಬಿಡುತ್ತಿದ್ದಳು. ನಿನಗೆ ಹೆದರಿಕೆಯಾಗುವುದಿಲ್ಲವೇ ಎಂದು ನಾನು ಕೇಳಿದ್ದೆ. "ಸಾಯೂಮುಂದ ಮನುಷ್ಯಾ ಒಬ್ಬನ ಹೋಗಬೇಕ ತಂಗಿ. ಬಾಗಲಮಟಾ ಯಾರರ ಹೋಗಿ ಕಳಿಸಿ ಬರಬೇಕಲ್ಲ. ನನ್ನ ಪೂಜಿ ಏನಿದ್ರೂ ಅಷ್ಟ" ಅಂದಳು.

ಒಂದು ಬೇಸಿಗೆ ಊರಿಗೆ ಕಾಲರಾ ಬಂತು. ರೋಣದ ಬಸ್ಸಿನಿಂದ ಇಳಿದ ಒಬ್ಬ ಹೆಂಗಸು ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಬಿದ್ದು, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ತೀರಿಕೊಂಡಳು. ಯಾವ ಊರಿನವಳೋ, ಯಾರ ಮನೆಯವಳೋ. ಜನ ದೂರದಲ್ಲಿ ಮೂಗಿಗೆ ಅರಿವೆ ಹಿಡಿದು ನಿಂತಿದ್ದರು. ಕಸದ ಬಂಡಿಯವನಿಗೆ ಹೇಳಿಕಳಿಸಿದ್ದರು. ಅವ್ವ ಸುದ್ದಿ ಕೇಳಿ ರಾಟಿ ಬಿಟ್ಟು ಎದ್ದು ಹೋದಳು. ಚಹಾದ ಅಂಗಡಿಯವನು ಕೋಲಿನಿಂದ ನೂಕಿಕೊಟ್ಟ ಕೊಡದ ನೀರಿನಲ್ಲಿ, ಜೊತೆಗೆ ತಂದಿದ್ದ ತನ್ನ ಇನ್ನೊಂದು ಸೀರೆಯನ್ನೇ ಮರೆ ಕಟ್ಟಿ, ಆ ಹೆಂಗಸಿನ ಮೈಯೆಲ್ಲ ತೊಳೆದು, ತಲೆ ಬಾಚಿ, ಅದೇ ಸೀರೆ ಹೊದಿಸಿದಳು. ಬಂಡಿಯವನು ಬಂದಾಗ ಹೆಣದ ಜೊತೆ ತಾನೂ ಬಂಡಿ ಹತ್ತಿ ಕೂತಳು. ಬಂಡಿ ಪೇಟೆಯ ನಡುವೆಯೇ ಹೋಯಿತು. ಎಲ್ಲರೂ ನೋಡಿದರು.

ಆ ಸಂಜೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಇನ್ನ ನೀ ಇಲ್ಲಿರಬ್ಯಾಡ" ಅಂದರು.

"ಹೌದ್ರಿ" ಅಂದಳು ಅವ್ವ. ಕೌದಿ ಮತ್ತು ಕೊಡ ಎತ್ತಿಕೊಂಡು ಗುಡ್ಡದ ಬುಡದ ಮುರುಕು ಮಂಟಪಕ್ಕೆ ಹೋದಳು. ಬಾವಿಯಲ್ಲಿ ಅವಳಿಗೆ ನೀರು ಹೊಯ್ಯುವುದನ್ನೂ ನಿಲ್ಲಿಸಿದರು. ನೂಲು ಕೊಡುವ ನೆಪ ಮಾಡಿ ನಾನೇ ಬಿಂದಿಗೆ ಒಯ್ಯುತ್ತಿದ್ದೆ. ನಮ್ಮನೆಯವರು ನೋಡಿದರೂ ನೋಡದಂತೆ ಮಗ್ಗದ ಮೇಲೆ ಬಗ್ಗುತ್ತಿದ್ದರು.

ಕೆಲವೇ ದಿನಗಳಲ್ಲಿ ಕಾಲರಾ ನಮ್ಮ ಮನೆಗೇ ಬಂತು. ಅತ್ತೆ ಹಾಸಿಗೆ ಹಿಡಿದರು. ಓಣಿಯ ಒಂದು ಬಾಗಿಲೂ ನಮಗೆ ತೆರೆಯಲಿಲ್ಲ. ನಾನು ಎರಡನೆಯ ಬಸುರಿ, ಹತ್ತಿರ ಹೋಗಬೇಡವೆಂದು ಅತ್ತೆಯೇ ಕೈಸನ್ನೆ ಮಾಡುತ್ತಿದ್ದರು. ಕರೆಯದೆಯೇ ಅವ್ವ ಬಂದಳು. ಅವರ ಮೈ ಒರೆಸಿದಳು, ಹೊಲಸು ಬಳಿದಳು, ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚದಿಂದ ತುಟಿಗೆ ಬಿಡುತ್ತ ಹಗಲೂ ರಾತ್ರಿ ಕೂತಳು. ಕಣ್ಣು ಗುಳಿಬಿದ್ದು ಮಲಗಿದ್ದ ಅತ್ತೆ ಆ ಸ್ಥಿತಿಯಲ್ಲೂ ಕೇಳಿದರು, "ಈಗರ ಹೇಳ. ಯಾವ ಕುಲಾ ನಿಂದು?"

"ನೀರ ಕುಡೀರಿ" ಅಂದಳು ಅವ್ವ.

ಅತ್ತೆ ಬದುಕಿದರು. ಎದ್ದು ಕೂತ ದಿನ ಮನೆಯೆಲ್ಲ ಸಗಣಿಯಿಂದ ಸಾರಿಸಿ ಗೋಮೂತ್ರ ಚಿಮುಕಿಸಿದರು. ನಮ್ಮ ಮಗ್ಗದ ಒಂದು ಹೊಸ ಸೀರೆಯನ್ನು ನನ್ನ ಕೈಯಲ್ಲಿ ಮಂಟಪಕ್ಕೆ ಕಳಿಸಿದರು. ಆದರೆ ಹಿತ್ತಲಿಗೆ ಬಾ ಅನ್ನಲಿಲ್ಲ.

ಸೀರೆ ಕೊಡಲು ಹೋದಾಗ ನನಗೆ ತಡೆಯಲಾಗಲಿಲ್ಲ. "ನಿನ್ನ ಹೊರಗ ಹಾಕಿದಾಕಿ ಹಂತ್ಯಾಕ ಯಾಕ ಬಂದೆಬೇ? ಕುಲದ ಹೆಸರೊಂದ ಹೇಳಿದ್ರ ಇದೆಲ್ಲಾ ಇರತಿದ್ದಿಲ್ಲಲ್ಲ" ಅಂದೆ. ಅವಳು ಸೀರೆಯ ಅಂಚನ್ನು ಬೆರಳಲ್ಲಿ ಸವರಿದಳು. ಆಮೇಲೆ ಹೇಳಿದಳು. ಅದನ್ನು ಅವಳು ಹೇಳಿದ್ದು ಅದೊಂದೇ ಸಲ.

"ನಮ್ಮೂರಾಗ ಜ್ವಾಳಾ ಹಾಕೂ ದೊಡ್ಡ ಹಗೇವ ಇತ್ತು, ನೆಲದಾಗ. ಆವತ್ತ ಖಾಲಿ ಇತ್ತು. ಲೂಟಿ ಮಾಡಾವ್ರು ಬಂದ್ರು ಅಂತ ಸುದ್ದಿ ಬಂದ ಕೂಡ್ಲೆ ಹೆಂಗಸ್ರು ಮಕ್ಕಳು ಎಲ್ಲಾ ಅದರಾಗ ಇಳದ್ವಿ. ಇಳದಾವ್ರೆಲ್ಲಾ ನಮ್ಮ ಕುಲದವ್ರ. ಅಷ್ಟರಾಗ ಮ್ಯಾಲೆ ಒಬ್ಬಾಕಿ ಓಡಿಬಂದು ಬಗ್ಗಿ ನಿಂತ್ಲು. ಕೇರಿಯಾಕಿ. ನನ್ನ ಬ್ಯಾಡ, ಕೂಸಿನ್ನರ ತಗೋರ್ರಿ ಅಂದ್ಲು. ನಮ್ಮತ್ತಿ, ಮೈಲಿಗಿ ಆಗತೈತಿ, ಕಲ್ಲ ಎಳೀರಿ ಅಂದ್ಲು. ಎಳದ್ರು. ಒಳಗ ಕುಂತು ಕೂಸು ಅಳೂದು ಕೇಳಿದ್ವಿ. ಆಮ್ಯಾಲೆ ಕೇಳಸಲಿಲ್ಲ."

ಅವಳು ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ನಾ ಕಲ್ಲ ಸರಿಸಿ ಹೊರಗ ಬಂದೆ. ತಡಾ ಆಗಿತ್ತು. ಕಿವ್ಯಾಗ ಬಂಗಾರ ಇತ್ತು, ಕಂಡಾವ್ರು ಬಿಡತಾರೇನು? ಕಿತ್ತಗೊಂಡ್ರು, ಹೋದ್ರು. ಅವರೆಲ್ಲಾ ಹೋದ ಮ್ಯಾಲೆ ಆಕೀನ್ನ, ಆಕಿ ಕೂಸಿನ್ನ ದನ ನೀರ ಕುಡಿಯೂ ಕಲ್ಲದೋಣಿ ನೀರಾಗ ತೊಳದೆ. ಅದನ್ನ ನೋಡಿ ನಮ್ಮವ್ರು, ನೀ ಇನ್ನ ಮನ್ಯಾಗ ಬರಬ್ಯಾಡ ಅಂದ್ರು. ಗಂಡನೂ ಅಂದ. ನಾನೂ ಬರೂದಿಲ್ಲ ಅಂದೆ." ಉಸಿರು ಬಿಟ್ಟು, "ಆ ಕುಲದ ಹೆಸರ ಈ ಬಾಯಿಲೆ ಬರೂದಿಲ್ಲ ತಂಗಿ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ" ಅಂದಳು.

ನಾನು ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. ಅಂದು ಅವರು ಊಟ ಮಾಡಲಿಲ್ಲವೆಂಬುದು ಮಾತ್ರ ನೆನಪಿದೆ.

ಮಂಟಪದ ಚಳಿ ಅವ್ವನನ್ನು ತಿಂದಿತು. ಕೆಮ್ಮು ಹತ್ತಿ, ಮೈ ಕರಗಿ, ರಾಟಿ ತಿರುಗಿಸುವ ಬಲವೂ ಉಳಿಯಲಿಲ್ಲ. ಆಗಲೇ ರಾಜ್ಯ ಒಂದಾಯಿತು. ಗಡಿ ಹೋಯಿತು, ಆಚೆಯದು ಈಚೆಯದು ಎಲ್ಲ ಒಂದೇ ಎಂದು ಪೇಟೆಯಲ್ಲಿ ಪೇಢೆ ಹಂಚಿದರು. ಎರಡನೆಯ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಾನೊಂದು ಪೇಢೆ ಒಯ್ದು ಅವಳಿಗೆ ಸುದ್ದಿ ಹೇಳಿದೆ.

"ಹಂಗಾದ್ರ ನನಗ ಇನ್ನ ಆಚಿಕಡಿಯಾಕಿ ಅನ್ನಾಂಗಿಲ್ಲ" ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. "ಗಡಿ ತಗದಾರ ಅಂದಿ. ಇನ್ನ ನಾ ಬಾವ್ಯಾಗ ಕೊಡ ಬಿಡಬಹುದೇನು?"

ನಾನು ಪೇಢೆಯನ್ನು ಮುರಿದು ಅವಳ ಬಾಯಿಗಿಟ್ಟೆ.

ಒಂದು ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಹಿತ್ತಲ ತಗಡಿನ ಮರೆಯಿಂದ ಕಟ್ಟಿಗೆಯನ್ನೆಲ್ಲ ಹೊರಗೆ ಹಾಕಿ, ನೆಲ ಸಾರಿಸಿ, ಹಾಸಿಗೆ ಹಾಸಿದ್ದರು. ಮಗನನ್ನು ಕರೆದು, "ಹೋಗಿ ಆಕೀನ್ನ ಎತಗೊಂಡ ಬಾ" ಅಂದರು. ನಮ್ಮನೆಯವರು ಅವ್ವನನ್ನು ಕೂಸಿನಂತೆ ಎರಡು ತೋಳಿನಲ್ಲಿ ಎತ್ತಿಕೊಂಡು, ಪೇಟೆಯ ನಡುವಿನಿಂದಲೇ ತಂದರು.

ಅವಳು ಇನ್ನು ಬಹಳ ದಿನ ಉಳಿಯಲಾರಳೆಂದು ತಿಳಿದು ಓಣಿಯ ಹಿರಿಯರು ಇಬ್ಬರು ಬಂದರು. ಹಿತ್ತಲಲ್ಲಿ ದೂರ ನಿಂತರು. ಕೆಟ್ಟವರಲ್ಲ. ಅವರಲ್ಲೊಬ್ಬರ ತಾಯಿಗೆ ಅವ್ವನೇ ನೀರು ಹಾಕಿದ್ದಳು. ಅವರೇ ಮಾತೆತ್ತಿದರು.

"ನೋಡವಾ, ಸಿಟ್ಟಾಗಬ್ಯಾಡ. ಮುಂದಿನ ವ್ಯವಸ್ಥಾ ನೋಡಬೇಕಲ್ಲ. ಸುಡೂದೋ, ಹುಗಿಯೂದೋ, ಯಾವ ಜಾಗಾದಾಗ ಅನ್ನೂದು ಗೊತ್ತಾಗಬೇಕು. ಕುಲಾ ಹೇಳಿಬಿಡು. ಆ ಕುಲದವ್ರಿಗೆ ನಾವ ಹೇಳಿಕಳಸ್ತೀವಿ."

ಅವ್ವ ಕಣ್ಣು ತೆರೆದಳು. "ಹೇಳಿದ್ರ ಒಂದ ಕುಲದವ್ರು ಬರತೀರಿ. ಹೇಳಲಿಲ್ಲಂದ್ರ ಯಾರೂ ಬರೂದಿಲ್ಲ. ಹೌದಲ್ರಿ?"

ಅವರು ಸುಳ್ಳು ಹೇಳಲಿಲ್ಲ. "ಹೌದವಾ" ಅಂದರು.

"ಹಂಗಾದ್ರ ಯಾರೂ ಬರಬ್ಯಾಡ್ರಿ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಹಿರಿಯರು ತಿರುಗಿ ಹೊರಟರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತೆ, "ನಿಂದರ್ರಿ" ಅಂದರು. "ಆಕಿ ನನ್ನ ತಂಗಿ ಅಂತ ತಿಳಕೋರ್ರಿ. ನಮ್ಮ ಜಾಗಾದಾಗ ಮಣ್ಣ ಮಾಡತೀವಿ."

"ನಿಮಗ ತಂಗಿ ಇದ್ದಿಲ್ಲ ಅನ್ನೂದು ಓಣಿಗೆಲ್ಲಾ ಗೊತ್ತೈತ್ರಿ ಯವ್ವಾ."

"ಇದ್ದಿಲ್ಲ" ಅಂದರು ಅತ್ತೆ. "ಈಗ ಅದಾಳ."

ಹಿರಿಯರು ಹೋದರು. ನಾನು ಅವ್ವನ ಕಡೆ ನೋಡಿದೆ. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು. ಜ್ವರದಲ್ಲಿ ಅವಳ ಕಣ್ಣು ಯಾವಾಗಲೂ ನೀರಾಡುತ್ತಿದ್ದವು, ಹಾಗಾಗಿ ಅದನ್ನೂ ಖಾತ್ರಿಯಾಗಿ ಹೇಳಲಾರೆ.

ಅವಳು ಹೋದದ್ದು ಚಳಿಗಾಲದ ಒಂದು ಬೆಳಗು, ಬಿಸಿಲು ಇನ್ನೂ ತಗಡಿಗೆ ತಾಗಿರಲಿಲ್ಲ. ನೀರು ಕಾಯಿಸಿದೆ. ಓಣಿಯಿಂದ ಯಾರಾದರೂ ಬಂದಾರೆಂದು ಸ್ವಲ್ಪ ಹೊತ್ತು ಕಾದೆವು. ಬರಲಿಲ್ಲ. ಅತ್ತೆ ತಂಬಿಗೆಯಿಂದ ಹೊಯ್ದರು, ನಾನು ತೊಳೆದೆ. ಅಲ್ಲಿಯವರೆಗೆ ನಾನು ಹೆಣ ಮುಟ್ಟಿದವಳಲ್ಲ. ಬೇಗ ಮುಗಿಸಬೇಕೆಂದು ಗಡಿಬಿಡಿ ಮಾಡುತ್ತಿದ್ದೆ. "ಸಾವಕಾಶ ಮಾಡ, ಆಕಿಗೇನ ಅವಸರ ಇಲ್ಲ" ಅಂದರು ಅತ್ತೆ. ಎಲುಬಿನ ಮೇಲೆ ತೊಗಲಷ್ಟೇ ಉಳಿದಿತ್ತು. ಅತ್ತೆ ಕಳಿಸಿದ್ದ ಆ ಸೀರೆಯನ್ನು ಅವಳು ಒಮ್ಮೆಯೂ ಉಟ್ಟಿರಲಿಲ್ಲ. ಅದನ್ನೇ ಉಡಿಸಿದೆವು.

ಚಟ್ಟಕ್ಕೆ ನಮ್ಮನೆಯವರು ಒಂದು ಹೆಗಲು ಕೊಟ್ಟರು, ಮೈದುನ ಒಂದು. ಓಣಿಯ ತುದಿಯಲ್ಲಿ ಕಸದ ಬಂಡಿಯವನು ಬಂದು ನಿಂತಿದ್ದ. ಒಳಗೆ ಬರಲು ಅಂಜುತ್ತಿದ್ದ. ನಮ್ಮನೆಯವರು ಕೈಮಾಡಿ ಕರೆದರು. ಅವನು ಮೂರನೆಯ ಹೆಗಲು ಕೊಟ್ಟ. ನಾಲ್ಕನೆಯದಕ್ಕೆ ಯಾರೂ ಬರಲಿಲ್ಲ. ನಾನು ಸೆರಗು ಬಿಗಿದು ಕೊಟ್ಟೆ. ಅತ್ತೆ ಕೋಲೂರಿಕೊಂಡು ಹಿಂದೆ ಬಂದರು. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಂದು ಅದನ್ನು ಹೇಳುವುದಕ್ಕಾದರೂ ಯಾರೂ ಬಾಗಿಲು ತೆರೆಯಲಿಲ್ಲ.

ನಮ್ಮವರ ಸ್ಮಶಾನದ ಬಾಯಿಯಲ್ಲಿ ಹಿರಿಯರು ನಿಂತಿದ್ದರು. ಜಗಳಕ್ಕೆ ನಿಂತವರಂತೆ ಇರಲಿಲ್ಲ, ತಲೆ ತಗ್ಗಿಸಿಕೊಂಡಿದ್ದರು. ಆದರೆ ದಾರಿ ಬಿಡಲಿಲ್ಲ. ಹೆಗಲ ಮೇಲಿನ ಭಾರ ಹಾಗೇ ಇತ್ತು. ಅತ್ತೆ ಅವರ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಜಾಲಿಮುಳ್ಳಿನ ಬೇಲಿಯ ಹೊರಗೆ, ದನ ಮೇಯುವ ಬೀಳು ನೆಲವನ್ನು ಕೋಲಿನಿಂದ ತೋರಿಸಿ, "ಇಲ್ಲೆ ಕುಣಿ ತಗೀರಿ" ಅಂದರು. ಗುದ್ದಲಿ ಬೇಲಿಯೊಳಗಿಂದ ಯಾರೋ ಸುಮ್ಮನೆ ಹೊರಗೆ ಎಸೆದರು. ಹೆಗಲು ಕೊಟ್ಟ ಮೂವರು ಗಂಡಸರು ಸರದಿಯ ಮೇಲೆ ತೋಡಿದರು. ನೆಲ ಗಟ್ಟಿ, ಮಧ್ಯಾಹ್ನವಾಯಿತು.

ಓಣಿ ನಮ್ಮೊಡನೆ ಮಾತು ಬಿಟ್ಟಿತು. ಬಾವಿಕಟ್ಟೆಯ ಮೇಲೆ ನಾನು ಹತ್ತಿದರೆ ಉಳಿದವರು ಇಳಿಯುತ್ತಿದ್ದರು. ಬಹಳ ಕಾಲ ಹೀಗೆ ನಡೆಯಿತು. ಆಮೇಲೆ ಒಬ್ಬರ ಮನೆಯಲ್ಲಿ ಬಾಣಂತಿ ತೀರಿಕೊಂಡಳು. ನೀರು ಹಾಕುವವರಿರಲಿಲ್ಲ. ನನಗೆ ಕರೆ ಬಂತು. ಹೋದೆ. ಅಂದಿನಿಂದ ಇಂದಿನವರೆಗೂ ಹೋಗುತ್ತಿದ್ದೇನೆ. ಅವ್ವ ನನ್ನ ಮಗಳಿಗೆ ಮಾಡಿದ್ದನ್ನು ಎಷ್ಟು ಜನಕ್ಕೆ ಮಾಡಿದರೂ ಅದು ತೀರುವಂಥದ್ದಲ್ಲ.

ಅತ್ತೆ ಎರಡು ಮಳೆಗಾಲ ಬದುಕಿದರು. ಕೊನೆಗೆ ಮಾತು ಕ್ಷೀಣವಾದಾಗ ನನ್ನ ಕೈ ಹಿಡಿದು, "ನನ್ನ ಆಕಿ ಬಾಜೂಕ ಹಾಕ್ರಿ" ಅಂದರು. ಆಕಿ ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮನೆಯವರು ಹಿರಿಯರ ಮುಂದೆ ಕೈಮುಗಿದು ಬೇಡಿಕೊಂಡರು. ಕುಲದ ಹೆಣ ಬೇಲಿಯ ಹೊರಗೆ ಬೀಳಕೂಡದು ಎಂದರು ಅವರು. ಈ ಸಲ ಓಣಿಯ ಜನವೆಲ್ಲ ಬಂದಿತ್ತು. ಹೆಗಲು ಕೊಡಲು ಗಂಡಸರು ಸರದಿ ನಿಂತಿದ್ದರು. ಅತ್ತೆಯನ್ನು ಬೇಲಿಯ ಒಳಗೇ ಮಣ್ಣು ಮಾಡಿದರು. ಕುಣಿಯನ್ನು ಅವ್ವ ಮಲಗಿದ್ದ ಕಡೆಯ ಬೇಲಿಗೆ ಆದಷ್ಟು ಹತ್ತಿರ, ಜಾಲಿಯ ಬೇರು ಗುದ್ದಲಿಗೆ ಅಡ್ಡ ಬರುವವರೆಗೂ ಸರಿಸಿ ತೆಗೆಸಿದ್ದಷ್ಟೇ ನಮ್ಮಿಂದ ಆದದ್ದು.